ಕೆಲಸಗಾರ ಜೇನು ಮೊಟ್ಟೆ ಇಡದಂತೆ ತಡೆಯುವುದು ರಾಣಿಯೇ?

ಪರ: ಹೌದು, ರಾಣಿಯೇ

ಎರಿಯ ಮೇಲೆ ರಾಣಿಯನ್ನು ಸ್ವಲ್ಪ ಹೊತ್ತು ನೋಡಿ. ಸುತ್ತಲಿನ ನೊಣಗಳು ಅವಳತ್ತ ಮುಖ ಮಾಡಿ ನಿಂತಿರುತ್ತವೆ. ಮೀಸೆಯಿಂದ ಮುಟ್ಟುತ್ತವೆ, ನಾಲಿಗೆಯಿಂದ ನೆಕ್ಕುತ್ತವೆ. ಆಮೇಲೆ ಗೂಡೆಲ್ಲ ಓಡಾಡಿ ಬೇರೆ ನೊಣಗಳ ಮೀಸೆಗೆ ಮೀಸೆ ತಾಗಿಸುತ್ತವೆ. ರಾಣಿಯ ದವಡೆ ಗ್ರಂಥಿಯ ರಸ ಹೀಗೆ ಮೈಯಿಂದ ಮೈಗೆ ದಾಟಿ ಸಾವಿರಾರು ನೊಣಗಳನ್ನು ತಲುಪುತ್ತದೆ.

ಇದು ನಿಂತರೆ ಏನಾಗುತ್ತದೆ ಅಂತ ಜೇನು ಸಾಕುವವರಿಗೆ ಚೆನ್ನಾಗಿ ಗೊತ್ತು. ರಾಣಿ ಸತ್ತು, ಹೊಸ ರಾಣಿಯೂ ಆಗದಿದ್ದರೆ ಕೆಲವೇ ವಾರಗಳಲ್ಲಿ ಕೆಲಸಗಾರರ ಅಂಡಾಶಯ ಬೆಳೆಯುತ್ತದೆ. ನಮ್ಮ ನಾಡಿನ ತುಡುವೆ ಜೇನಿನಲ್ಲಿ ಇನ್ನೂ ಬೇಗ. ಪೆಟ್ಟಿಗೆ ತೆರೆದರೆ ಒಂದೊಂದು ಕೋಣೆಯಲ್ಲಿ ಮೂರ್ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡು. ಕೆಲಸಗಾರರ ಹೊಟ್ಟೆ ಗಿಡ್ಡ, ಕೋಣೆಯ ತಳ ಮುಟ್ಟುವುದಿಲ್ಲ ನೋಡಿ. ಗಂಡಿನ ಜೊತೆ ಕೂಡದೆ ಇಟ್ಟ ಮೊಟ್ಟೆಗಳಾದ್ದರಿಂದ ಹುಟ್ಟುವುದೆಲ್ಲ ಗಂಡೇ. ಕುಟುಂಬ ಅಲ್ಲಿಗೆ ಮುಗಿಯಿತು. ರಾಣಿ ಇಲ್ಲದ ಕಡೆ ಬರೀ ಕೃತಕ ರಾಣಿರಸ ಇಟ್ಟರೂ ಅಂಡಾಶಯದ ಬೆಳವಣಿಗೆ ತಗ್ಗುತ್ತದೆಂದು 2003ರ ಪ್ರಯೋಗವೊಂದು ತೋರಿಸಿದೆ. ಇನ್ನೇನು ಸಾಕ್ಷಿ ಬೇಕು?

ವಿರೋಧ: ಇಲ್ಲ, ಅವಳು ಸುದ್ದಿ ಕೊಡುತ್ತಾಳೆ ಅಷ್ಟೇ

ರಸ ಕೆಲಸ ಮಾಡುತ್ತದೆ, ಒಪ್ಪೋಣ. ಆದರೆ ಅದು ಬಲವಂತವೋ, ಬರೀ ಸುದ್ದಿಯೋ? ಬಲವಂತವಾಗಿದ್ದರೆ ಅದಕ್ಕೆ ಬಗ್ಗದ ನೊಣಗಳೇ ತಲೆಮಾರು ಕಳೆದಂತೆ ಜಾಸ್ತಿಯಾಗಬೇಕಿತ್ತು ಅಲ್ವಾ? ವಿಜ್ಞಾನಿಗಳಾದ ಲಾರೆಂಟ್ ಕೆಲ್ಲರ್ ಮತ್ತು ಪೀಟರ್ ನೊನಾಕ್ಸ್ 1993ರಲ್ಲಿ ಎತ್ತಿದ ತಕರಾರು ಹೆಚ್ಚುಕಮ್ಮಿ ಇದೇ. ರಾಣಿ ಗಟ್ಟಿಯಾಗಿದ್ದಾಳೆ ಅಂತ ಗೊತ್ತಾದರೆ, ಅವಳ ಮಕ್ಕಳನ್ನು ಸಾಕುವುದೇ ಕೆಲಸಗಾರರಿಗೂ ಲಾಭ.

ಮರಿಹುಳುಗಳ ಮೈರಸವೂ ಅಂಡಾಶಯವನ್ನು ಹತ್ತಿಕ್ಕುತ್ತದೆ. ಕಾಲೂ ಇಲ್ಲದ ಮರಿಹುಳು ಯಾರನ್ನು ಆಳೀತು?

ರಾಣಿ ಇರುವ ಗೂಡಿನಲ್ಲೂ ಕೆಲವು ನೊಣಗಳು ಕದ್ದು ಮೊಟ್ಟೆ ಇಡುತ್ತವೆ. ಅದನ್ನು ಹುಡುಕಿ ತಿಂದುಹಾಕುವುದು ಜೊತೆಯ ಕೆಲಸಗಾರರೇ. ರಾಟ್ನಿಕ್ಸ್ ಮತ್ತು ವಿಷರ್ ಎಂಬ ವಿಜ್ಞಾನಿಗಳು 1989ರಲ್ಲಿ ಈ ಕಾವಲನ್ನು ತೋರಿಸಿಕೊಟ್ಟರು. ರಾಣಿ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡಿರುತ್ತಾಳೆ. ಹಾಗಾಗಿ ಗೂಡಿನ ಹೆಚ್ಚಿನ ಅಕ್ಕತಂಗಿಯರಿಗೆ ಅಪ್ಪ ಬೇರೆ ಬೇರೆ. ಅಂಥ ಅಕ್ಕನ ಮಗನಿಗಿಂತ ಸ್ವಂತ ತಮ್ಮನ ಜೊತೆ ರಕ್ತಸಂಬಂಧ ಎರಡು ಪಟ್ಟು. ನೊಣಕ್ಕೆ ಈ ಲೆಕ್ಕ ಗೊತ್ತಿರಬೇಕಿಲ್ಲ ಬಿಡಿ, ನಡವಳಿಕೆ ಮಾತ್ರ ಅದಕ್ಕೆ ತಕ್ಕ ಹಾಗಿದೆ.

ದಕ್ಷಿಣ ಆಫ್ರಿಕಾದ ಕೇಪ್ ಜೇನಿನ ಕಥೆಯನ್ನಂತೂ ಬಿಡುವ ಹಾಗಿಲ್ಲ. 1990ರಲ್ಲಿ ಸಾಕಣೆದಾರರು ಈ ಕುಟುಂಬಗಳನ್ನು ಉತ್ತರಕ್ಕೆ ಸಾಗಿಸಿದರು. ಅಲ್ಲಿ ಇದರ ಕೆಲಸಗಾರರು ಬೇರೆ ತಳಿಯ ಗೂಡುಗಳಿಗೆ ನುಗ್ಗಿ, ರಾಣಿ ಇದ್ದಾಗಲೇ ಮೊಟ್ಟೆ ಇಟ್ಟವು. ಅದೂ ಗಂಡಿನ ನೆರವಿಲ್ಲದೆ ಹೆಣ್ಣು ಹುಟ್ಟುವ ಮೊಟ್ಟೆ! ಅವಕ್ಕೂ ಅದೇ ರಾಣಿಯ ರಸ ತಾಗುತ್ತಿತ್ತು. ಆದರೆ ಅಲ್ಲಿ ಅವು ಸಾಕಬೇಕಾದ ತಮ್ಮ ರಕ್ತದವರು ಯಾರೂ ಇರಲಿಲ್ಲ. ಸುಮ್ನೆ ಬಗ್ಗುವುದೇಕೆ? ತಾವೇ ರಾಣಿಯಂಥ ವಾಸನೆ ಬೀರಿ, ಆ ಗೂಡಿನ ನೊಣಗಳ ಕೈಲೇ ಮೇವು ತಿನ್ನಿಸಿಕೊಂಡವು. ಸಾವಿರಾರು ಕುಟುಂಬಗಳು ಹಾಗೇ ಅಳಿದವು.