ಹದಿನಾರು ಜಿಬಿ ಅಂಗಳ

ನಮ್ಮನೆಯ ಪಂಚಾಂಗಕ್ಕೆ ತಿಥಿ-ನಕ್ಷತ್ರ ಹೇಳುವುದಕ್ಕಿಂತ ಚೀಟಿ ಹೊರುವ ಕೆಲಸವೇ ಜಾಸ್ತಿ. ಕರೆಂಟು ಬಿಲ್ಲು, ಸೊಸೈಟಿಯ ರಸೀದಿ, ಯಾರದೋ ಉಪನಯನದ ಕರೆಯೋಲೆ, ಅಡಿಕೆ ವಿಕ್ರಿಯ ಪಟ್ಟಿ ಎಲ್ಲ ಅದರ ಹೊಟ್ಟೆಯಲ್ಲೇ. ಕಳೆದ ಮಾರ್ಗಶಿರದಲ್ಲಿ ಇನ್ನೊಂದು ಚೀಟಿ ಸೇರಿಕೊಂಡಿತು. ಶಿರಸಿ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಬರೆದುಕೊಟ್ಟ ಕೊಟೇಶನ್ನು. ಏಕಾದಶಿ ಯಾವತ್ತು ಎಂದು ನೋಡಹೋದ ನನ್ನ ಹೆಂಡತಿ ಅದನ್ನು ಹಿಡಿದುಕೊಂಡು ಜಗುಲಿಗೆ ಬಂದಳು.

"ಇದೆಂತದು? ಐ-5, ಹದ್ನಾರು, ಐನೂರಾ ಹನ್ನೆರಡು... ಯಾರ ಮನೆ ಅಡಿಕೆ ಪಟ್ಟಿ ಇದು? ರೇಟು ಮಾತ್ರ ಸಿಕ್ಕಾಪಟ್ಟೆ ಕಮ್ಮಿ ಆತು."

ಅದು ಅಡಿಕೆಯದಲ್ಲ, ಕಂಪ್ಯೂಟರಿನದು ಎಂದು ನಕ್ಕೆ. ಎರಡು ದಿನ ಬಿಟ್ಟು ನಗು ಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಹೊಸ ಕಂಪ್ಯೂಟರ್ ಬೇಕೆಂಬ ಆಸೆ ನನ್ನದಾಗಿರಲಿಲ್ಲ. 2014ರಲ್ಲಿ ಕೊಂಡ ಹಳೆಯದು ಗೊರಗೊರ ಎನ್ನುತ್ತ ಆದರೂ ನಡೆಯುತ್ತಿತ್ತು. ಒಮ್ಮೆ ಅದರ ಪವರ್ ಸಪ್ಲೈ ಒಳಗೆ ಹಲ್ಲಿ ಹೊಕ್ಕು ಸತ್ತಿತ್ತು, ಇನ್ನೊಮ್ಮೆ ಇರುವೆ ಮೊಟ್ಟೆಯಿಟ್ಟಿದ್ದವು, ಎರಡನ್ನೂ ತಾಳಿಕೊಂಡಿತು. ತಾಳಿಕೊಳ್ಳಲಾಗದೆ ಹೋದದ್ದು 2025ರ ಅಕ್ಟೋಬರ್ 14ನ್ನು. ಅವತ್ತಿಗೆ ವಿಂಡೋಸ್ 10ರ ಮಾಮೂಲಿ ಆರೈಕೆ ಮುಗಿಯಿತೆಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿತು. ಹಾಗಾದರೆ 11ನ್ನು ಹಾಕೋಣವೆಂದರೆ ಅದು ಗೋತ್ರ-ಪ್ರವರ ಕೇಳುತ್ತದೆ. ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇದೆಯೇ? ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು, ಅಂದರೆ ಪ್ರೊಸೆಸರ್, ಇಂಟೆಲ್ ಕಂಪನಿಯದಾದರೆ ಎಂಟನೇ ತಲೆಮಾರಾದರೂ ಆಗಿದೆಯೇ? ನನ್ನದು ನಾಲ್ಕನೆಯದು. ಆಳು ಗಟ್ಟಿಯಿದ್ದರೂ ಜಾತಕ ಕೂಡಿಬರಲಿಲ್ಲ ಎಂದು ಹಿಂದೆ ಕಳಿಸಿದಂತಾಯಿತು.

ಅಡಿಕೆಯ ವ್ಯವಹಾರದಲ್ಲಿ ನನಗೊಂದು ಧೈರ್ಯವಿದೆ. ಟೆಂಡರಿಗೆ ಇಟ್ಟ ರಾಶಿಯ ಮುಂದೆ ವ್ಯಾಪಾರಿ ಬಂದು ನಿಲ್ಲುತ್ತಾನೆ, ಬುಡದಿಂದ ಒಂದು ಮುಷ್ಟಿ ಎತ್ತುತ್ತಾನೆ, ಒಂದೆರಡು ಅಡಿಕೆ ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಚೀಟಿಯಲ್ಲಿ ನೀವು ಏನೇ ಬರೆಯಿರಿ, ಅಡಕತ್ತರಿ ನಿಜ ಹೇಳುತ್ತದೆ. ಕಂಪ್ಯೂಟರಿಗೆ ಅಡಕತ್ತರಿ ಇಲ್ಲ. ಗಾಜಿನ ಪೆಟ್ಟಿಗೆಯೊಳಗೆ ನೀಲಿ-ಹಸಿರು ದೀಪ ಹಾಕಿ ಇಟ್ಟಿರುತ್ತಾರೆ, ರಂಗಸ್ಥಳಕ್ಕೆ ಬಂದ ಬಣ್ಣದ ವೇಷದ ಹಾಗೆ. ಕಿರೀಟದ ಒಳಗಿರುವವ ಯಾರು ಎಂದು ತಿಳಿಯಬೇಕಾದರೆ ಚೀಟಿಯನ್ನೇ ಓದಬೇಕು.

ಅಂಗಡಿಯ ಹುಡುಗ ಚೀಟಿ ಕೊಡುವಾಗ ಮಂತ್ರದಂತೆ ಹೇಳಿದ್ದು "ಐ-ಫೈವ್ ಸರ್, ಐ-ಫೈವ್" ಎಂದು. ಐದು ಎಂದರೆ ಪ್ರೊಸೆಸರಿನ ಒಳಗೆ ಐದು ಕೋರ್, ಅಂದರೆ ದುಡಿಯುವ ಐದು ಆಳು, ಇರುತ್ತವೆ ಎಂದೇ ನಾನು ಹತ್ತು ವರ್ಷ ನಂಬಿಕೊಂಡಿದ್ದೆ. ಹಾಗಲ್ಲವಂತೆ. ಮೂರು, ಐದು, ಏಳು ಎಂಬುದು ಬರಿಯ ದರ್ಜೆ. ಚಾಲಿ, ಬೆಟ್ಟೆ, ಗೋಟು ಎಂದ ಹಾಗೆ. ಯಾವ ವರ್ಷದ ಫಸಲು ಎಂಬುದು ಅದರ ಮುಂದಿನ ಸಂಖ್ಯೆಯಲ್ಲಿದೆ. 12ರಿಂದ ಶುರುವಾದರೆ ಹನ್ನೆರಡನೇ ತಲೆಮಾರು, 6ರಿಂದಾದರೆ ಆರನೆಯದು. ನಮ್ಮ ಚೀಟಿಯಲ್ಲಿ ಐ-5 ಎಂದು ದಪ್ಪಗೆ ಬರೆದು ಮುಂದೆ ಖಾಲಿ ಬಿಟ್ಟಿದ್ದರು. ಫೋನು ಮಾಡಿ ಕೇಳಿದೆ. ಒಂದಿಷ್ಟು ಹೊತ್ತು ಕೆಮ್ಮಿ, ಆಮೇಲೆ "ಆರನೇದು ಸರ್, ಆದ್ರೆ ಕ್ಯಾಬಿನೆಟ್ ಹೊಸಾದು" ಎಂದ. ಅಂದರೆ ಎಲ್ಲೋ ಆಫೀಸಿನಲ್ಲಿ ದುಡಿದು ನಿವೃತ್ತವಾದ ಯಂತ್ರಕ್ಕೆ ಹೊಸ ಅಂಗಿ ತೊಡಿಸಿದ್ದು. ಅದಕ್ಕೂ ವಿಂಡೋಸ್ 11ರ ಜಾತಕ ಕೂಡುವುದಿಲ್ಲ! ಹೆಂಡತಿ ಓದುಬಾರದ ಭಾಷೆಯ ಚೀಟಿಯಲ್ಲಿ ದರ ಒಂದನ್ನೇ ನೋಡಿ ಹಿಡಿದುಬಿಟ್ಟಿದ್ದಳು.

ಅಡಿಕೆಯಾದರೆ ವರ್ಷ ಇಟ್ಟ ಹಳೆ ಚಾಲಿಗೆ ಸಾಮಾನ್ಯವಾಗಿ ದರ ಮೇಲೆಯೇ. ಕಂಪ್ಯೂಟರಿನಲ್ಲಿ ಅಟ್ಟದ ಮೇಲಿಟ್ಟದ್ದು ಅಟ್ಟದ ಪಾಲೇ. ಆರನೇ ತಲೆಮಾರಿನ ಐ-5ಕ್ಕಿಂತ ಹನ್ನೆರಡನೆಯದರ ಐ-3 ಚುರುಕು. ಮೊದಲಿನದರಲ್ಲಿ ನಾಲ್ಕು ಕೋರ್. ಎರಡನೆಯದರಲ್ಲೂ ನಾಲ್ಕೇ, ಆದರೆ ಒಂದೊಂದು ಕೋರೂ ಎರಡೆರಡು ಕೆಲಸದ ಎಳೆ ಹಿಡಿಯುತ್ತದೆ. ಲ್ಯಾಪ್‌ಟಾಪುಗಳ ಲೋಕ ಇನ್ನೂ ಮೋಜಿನದು. ಇಂಟೆಲ್ಲಿಗೆ ಪೈಪೋಟಿ ಕೊಡುವ ಎಎಂಡಿಯವರ ರೈಜೆನ್ 5 7520ಯು ಎಂಬ ಪ್ರೊಸೆಸರ್ ಇದೆ. ಮೊದಲ 7 ನೋಡಿ 2023ರ ಮಾದರಿ ಎಂದು ಹಿಗ್ಗಬೇಕು. ಒಳಗಿನ ವಿನ್ಯಾಸ ಯಾವುದೆಂದು ಹೇಳುವುದು ಮೂರನೆಯ ಅಂಕೆ, ಅದು 2. ಝೆನ್ 2 ವಿನ್ಯಾಸ ಬಂದದ್ದು 2019ರಲ್ಲಿ. ಇಂಟೆಲ್‌ನವರು 2023ರ ಕೊನೆಗೆ ಹೊಸ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 'ಐ' ಅಕ್ಷರವನ್ನೇ ತೆಗೆದು 'ಕೋರ್ ಅಲ್ಟ್ರಾ' ಎಂದರು. ನಾನು ಐ ಎಂದರೇನೆಂದು ಕಲಿಯುವಷ್ಟರಲ್ಲಿ ಐ ಹೋಯಿತು.

ಪ್ರೊಸೆಸರಿನ ವೇಗ ಹೇಳುವ ಗಿಗಾಹರ್ಟ್ಸಿನ ವಿಷಯ ಮಾತ್ರ ನನಗೆ ಪಕ್ಕಾ ತಿಳಿಯಿತು, ಅದೂ ತೋಟದಲ್ಲಿ. ಕೊನೆ, ಅಂದರೆ ಅಡಿಕೆಗೊಂಚಲು, ಕೊಯ್ಲಿನ ದಿನ ಮೇಲೆ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಿದ್ದ, ಕೆಳಗೆ ನಾನು ಹಗ್ಗ ಹಿಡಿದು ಜಾರಿ ಬರುವ ಕೊನೆಗಳನ್ನು ಹಿಡಿಯುತ್ತಿದ್ದೆ. 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. 2004ಕ್ಕೆ ಪೆಂಟಿಯಂ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್; ಸಾವಿರ ಮೆಗಾಕ್ಕೆ ಒಂದು ಗಿಗಾ, ಅಂದರೆ ಹತ್ತಿರಹತ್ತಿರ ಎಂಟುನೂರು ಪಟ್ಟು. ನಾಲ್ಕನ್ನು ಮುಟ್ಟುತ್ತೇವೆಂದು ಹೊರಟ ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಚಿಪ್ಪಿನ ಬಿಸಿ ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೂ ಐದು-ಆರರ ಆಸುಪಾಸಿನಲ್ಲೇ ಇದ್ದೇವೆ. ಒಬ್ಬ ಕೊನೆಗೌಡನನ್ನು ಎಷ್ಟಂತ ಓಡಿಸುತ್ತೀರಿ? ಇನ್ನೊಬ್ಬನನ್ನು ಕರೆಸಬೇಕು. ಕೋರ್ ಎಂದರೆ ಅಷ್ಟೇ. ಆದರೆ ನಾಲ್ವರು ಕೊನೆಗೌಡರು ಮೇಲಿದ್ದು ಕೆಳಗೆ ಹಗ್ಗ ಹಿಡಿಯುವವ ನಾನೊಬ್ಬನೇ ಇದ್ದರೆ ಮೂವರು ಮರದ ಮೇಲೆ ಕುಳಿತು ಕವಳ ಹಾಕುತ್ತಾರೆ. ಹದಿನಾರು ಕೋರಿನ ಯಂತ್ರದಲ್ಲಿ ನಾನು ಪತ್ರ ಬರೆಯುತ್ತ ಕುಳಿತರೂ ಅದೇ ಕತೆ.

ಬೆಂಗಳೂರಿನ ಮಗಳಿಗೆ ಫೋನು ಮಾಡಿದರೆ ಅವಳದು ಒಂದೇ ಮಾತು: "ಅಪ್ಪಯ್ಯ, ಎಂಟು ಜಿಬಿ ತಗಳಡ. ಹದ್ನಾರೇ ಹಾಕ್ಸು." ರಜೆ ಬರೆಯದೆ ಮನೆಗೆ ಬಂದು ಕೆಲಸ ಮಾಡುವ ಲೆಕ್ಕಾಚಾರ ಅದರಲ್ಲಿ ಇರಬಹುದು. ಜಿಬಿ ಎಂದರೆ ಯಾವ ಜಿಬಿ ಎಂಬುದೇ ನನಗೆ ಗೊಂದಲ. 16ಕ್ಕೂ ಜಿಬಿ, 512ಕ್ಕೂ ಜಿಬಿ. ದೊಡ್ಡದಿರುವಾಗ ಸಣ್ಣದು ಯಾಕೆ?

ಉತ್ತರ ನಮ್ಮ ಅಂಗಳದಲ್ಲೇ ಹರಡಿಕೊಂಡಿತ್ತು. ಅಟ್ಟದ ಮೇಲೆ ಎಷ್ಟು ಮೂಟೆಯಾದರೂ ಇರಲಿ, ಒಣಗಿಸುವುದಾಗಲಿ ಆರಿಸುವುದಾಗಲಿ ಅಂಗಳಕ್ಕೆ ತಂದರೇ ಸೈ. ಅಂಗಳ ಕಿರಿದಾದರೆ ಒಂದಿಷ್ಟು ಹರಡು, ಒಂದಿಷ್ಟು ಮತ್ತೆ ಒಳಗೆ ಹೊರು, ಇನ್ನೊಂದಿಷ್ಟು ತಾ. ದಿನವಿಡೀ ಹೊರುವುದೇ ಆಯಿತು. ಕಂಪ್ಯೂಟರ್ ನಿಧಾನವಾಯಿತು ಎಂದು ನಾವು ಬೈಯುವಾಗ ಅದು ಪಾಪ ಮೂಟೆ ಹೊರುತ್ತಿರುತ್ತದೆ. ಚೀಟಿಯ 16 ಎಂಬುದು ಕೆಲಸ ನಡೆಯುವ ಮೆಮೊರಿ, 512 ಎಂಬುದು ಕೂಡಿಡುವ ಜಾಗ. ರ್‍ಯಾಮ್ ಅಂಗಳ, ಎಸ್‌ಎಸ್‌ಡಿ ಅಟ್ಟ. ಮಳೆ ಬಂದರೆ ಅಂಗಳದಲ್ಲಿದ್ದದ್ದು ಹೋಯಿತು, ಅಟ್ಟದಲ್ಲಿದ್ದದ್ದು ಉಳಿಯಿತು. ಕರೆಂಟು ಹೋದರೆ ರ್‍ಯಾಮಿನ ಗತಿಯೂ ಹಾಗೆಯೇ. ಒಂದೇ 16 ಜಿಬಿಯ ಮೆಮೊರಿ ಪಟ್ಟಿಗಿಂತ ಎಂಟೆಂಟರ ಎರಡು ಪಟ್ಟಿ ಹಾಕಿಸುವುದು ಒಳ್ಳೆಯದಂತೆ. ಅಂಗಳಕ್ಕೆ ಎರಡು ದಣಪೆ ಇದ್ದರೆ ಹೋಗಿಬರುವವರಿಗೆ ಸಲೀಸಲ್ಲವೇ, ಹಾಗೆ. ಎರಡನೆಯ ಅಂಗಡಿಯಲ್ಲಿ ನಾನೇ ಇದನ್ನು ಕೇಳಿದಾಗ ಅಲ್ಲಿದ್ದವರು ಪೆನ್ನು ಕೆಳಗಿಟ್ಟು ಒಮ್ಮೆ ನನ್ನ ಪಂಚೆ ನೋಡಿದರು.

ಅವರೇ ಹೇಳಿದ್ದು, ಮೆಮೊರಿಯ ದರ ಒಂದೇ ಸಮನೆ ಏರುತ್ತಿದೆ ಎಂದು. ಕೃತಕ ಬುದ್ಧಿಮತ್ತೆಯ ದೊಡ್ಡದೊಡ್ಡ ಕೇಂದ್ರಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ತಯಾರಕರೂ ಹೆಚ್ಚು ಲಾಭದ ಆ ಕಡೆಗೇ ತಿರುಗಿದ್ದಾರೆ, 2025ರ ಕೊನೆಯ ಹೊತ್ತಿಗೆ ಮನೆಮಂದಿಯ ಪಾಲಿಗೆ ತುಟ್ಟಿ. "ಇನ್ನೆರಡು ತಿಂಗಳು ಕಾದರೆ ಇಳೀತದಾ?" ಎಂದೆ. "ನಿಮ್ಮ ಅಡಿಕೆ ದರ ಹೇಳಿ, ನಾನು ರ್‍ಯಾಮಿಂದು ಹೇಳ್ತೆ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಅಟ್ಟದ ಬಗ್ಗೆಯೂ ಸ್ವಲ್ಪ. ಹಳೆಯ ಹಾರ್ಡ್ ಡಿಸ್ಕು ನಿಮಿಷಕ್ಕೆ 7200 ಸುತ್ತು ತಿರುಗುತ್ತಿತ್ತು. ಕೇಳಲಿಕ್ಕೆ ಭಯಂಕರ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿನ ಮೇಲೆ. ಬೇಕಾದ ಚೂರು ಮುಳ್ಳಿನ ಕೆಳಗೆ ಬರುವ ತನಕ ಕಾಯಲೇಬೇಕು. ಕತ್ತಲ ಉಗ್ರಾಣದಲ್ಲಿ ಅಮ್ಮ ಅಪ್ಪೆಮಿಡಿಯ ಭರಣಿ ತಡಕಿದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ತಡಕುವುದೂ ಇಲ್ಲ. ಹಳೆ ಕಂಪ್ಯೂಟರ್ ಇರುವವರು ಬೇರೇನೂ ಬೇಡ, ಇದೊಂದನ್ನು ಬದಲಿಸಿ ನೋಡಬೇಕು. ಪ್ರೊಸೆಸರಿನ ದರ್ಜೆಗೆ ಸುರಿಯುವ ಹಣದಲ್ಲಿ ಅರ್ಧ ಇಲ್ಲಿ ಹಾಕಿದರೂ ಕಣ್ಣಿಗೆ ಕಾಣುವ ಫಲ.

ಎಷ್ಟು ದೊಡ್ಡದು ಬೇಕು? ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಯುನಿಕೋಡಿನ ರೂಢಿಯ ಬರಹದಲ್ಲಿ ಮೂರು ಬೈಟ್ ಹಿಡಿಯುತ್ತದೆ. ಈ ಪ್ರಬಂಧದಷ್ಟು ಉದ್ದದ್ದಕ್ಕೆ ಬರಿಯ ಅಕ್ಷರವಾಗಿ ಸುಮಾರು 25 ಕೆಬಿ. ಒಂದು ಟಿಬಿಯಲ್ಲಿ ಇಂಥವು ಸುಮಾರು ನಾಲ್ಕು ಕೋಟಿ ಹಿಡಿಯುತ್ತವೆ. ಓದುವವರ ಗತಿ ಏನಾದರೂ ಆಗಲಿ, ಜಾಗಕ್ಕೆ ತೊಂದರೆಯಿಲ್ಲ. ಆದರೆ ನನಗೆ ಯಕ್ಷಗಾನದ ಆಟ ಚಿತ್ರೀಕರಿಸುವ ಹುಚ್ಚು. ನನ್ನ ಮೊಬೈಲಿನಲ್ಲಿ ಗಂಟೆಗೆ ಏಳೆಂಟು ಜಿಬಿ ಆಗುತ್ತದೆ. ರಾತ್ರಿಯಿಡೀ ಆಟವಾದರೆ 60ರ ಹತ್ತಿರ. 512 ಎಂದರೆ ಎಂಟು ಆಟ. ಮಳೆಗಾಲ ಮುಗಿದು ಮೇಳ ಹೊರಟರೆ ಸಂಕ್ರಾಂತಿಯೊಳಗೆ ಅಟ್ಟ ತುಂಬಿತು. ಹಾಗಾಗಿ ಒಂದು ಟಿಬಿ ಹಾಕಿಸಿದೆ. ಮನೆಗೆ ತಂದು ನೋಡಿದರೆ 931 ಎಂದು ತೋರಿಸಿತು! ದಾರಿಯಲ್ಲಿ ಸೋರಿತೇ? ಸೋರಿದ್ದಲ್ಲ. ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹಿಂದೆ ಊರಿಂದೂರಿಗೆ ಕೊಳಗ ಬೇರೆ ಇತ್ತಲ್ಲ, ಅಳೆದ ಭತ್ತ ಅದೇ.

ಚೀಟಿಯಲ್ಲಿ ಯಾರೂ ಒತ್ತಿ ಹೇಳದ್ದು ಪರದೆ. ದಿನಕ್ಕೆ ಮೂರು ತಾಸು ನಾನು ನೋಡುವುದು ಅದನ್ನು, ಪ್ರೊಸೆಸರನ್ನಲ್ಲ. ಒಂದರಲ್ಲಿ ಸ್ವಲ್ಪ ಓರೆಯಾಗಿ ಕುಳಿತರೆ ಬಣ್ಣ ಬಿಳಚಿಕೊಳ್ಳುತ್ತಿತ್ತು. ಐಪಿಎಸ್ (ಪರದೆಯ ಒಂದು ಬಗೆ) ಎಂದು ಬರೆದದ್ದರಲ್ಲಿ ಹಾಗಾಗಲಿಲ್ಲ. 24 ಇಂಚಿನದರಲ್ಲಿ 'ಜ್ಞಾನೇಶ್ವರ' ಎಂದು ಟೈಪು ಮಾಡಿಸಿ, ಒತ್ತಕ್ಷರ ಕನ್ನಡಕವಿಲ್ಲದೆ ಕಂಡಿತೆಂದು ಅದನ್ನೇ ತಂದೆ. ಅಂಗಡಿಯವರಿಗೆ ಇದು ಅಳತೆಗೋಲೇ ಅಲ್ಲ.

ಕರೆಂಟು ಹೋದಾಗ ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ಮೇಲೆ 600 ಎಂದು ದಪ್ಪಕ್ಷರ. ಅದು ವಿಎ (ವೋಲ್ಟ್-ಆಂಪಿಯರ್); ವ್ಯಾಟಿನಲ್ಲಿ 360 ಎಂಬುದು ಹಿಂಬದಿಯಲ್ಲಿ, ಇರುವೆ ಓದುವಷ್ಟು ಸಣ್ಣದಾಗಿ. ಸಿಡಿಲಿಗೆ ಮಾತ್ರ ಯಾವ ಅಂಕೆಯೂ ಇಲ್ಲ. ಹಿಂದೆ ಫೋನಿನ ತಂತಿಗುಂಟ ಬಂದು ನಮ್ಮಲ್ಲಿ ಎರಡು ಮೋಡೆಮ್ ಸುಟ್ಟಿದೆ. ಈಗ ಗಾಜಿನೆಳೆಯ ಫೈಬರ್, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಪ್ಲಗ್ಗಿನ ತಂತಿ ಮಾತ್ರ ತಾಮ್ರದ್ದೇ. ಗುಡುಗಿದ ಕೂಡಲೆ ಕೀಳುವುದು, ಅಷ್ಟೇ ಉಪಾಯ.

ಎಲ್ಲ ಜೋಡಿಸಿ ಕೂರಿಸಿದ ಸಂಜೆ ಆಚೆಮನೆ ಭಾವ ಕವಳದ ಬಟ್ಟಲು ಎಳೆದುಕೊಂಡು ಎದುರಿಗೆ ಕುಳಿತ. ಹಿಂದೆ-ಮುಂದೆ ನೋಡಿ, ಕೈಯಿಂದ ತಟ್ಟಿ, ಕೊನೆಗೆ ಕೇಳಿದ: "ಎಂತೋ ಭಾವ, ಬಾಳ ಗಟ್ಟಿದು ತಂದ್ಯಡ. ಎಷ್ಟು ಎಚ್‌ಪಿದು?"

"ಎಚ್‌ಪಿದಲ್ಲ, ಬಿಡಿಭಾಗ ಜೋಡ್ಸಿದ್ದು" ಎಂದೆ.

"ಅಲ್ದೋ, ಎಷ್ಟು ಎಚ್‌ಪಿ ಅಂದಿ. ಎನ್ನ ಪಂಪು ಮೂರು."

ನಾನು ತಲೆಮಾರು, ಕೋರು, ದಣಪೆ ಎಲ್ಲ ವಿವರಿಸಿದೆ. ಸಾವಧಾನದಿಂದ ಕೇಳಿ, "ಹಂಗಾರೆ ಮೂರಕ್ಕಿಂತ ಕಮ್ಮಿಯೇಯ" ಎಂದು ಎದ್ದು ಹೋದ.

ಇದನ್ನು ಬರೆಯುತ್ತಿರುವುದು ಅದರಲ್ಲೇ. ಮಧ್ಯಾಹ್ನದಿಂದ ಸೆಕೆ, ಬೆಟ್ಟದ ಆಚೆ ಮೋಡ ಕಪ್ಪಾಗಿದೆ. ಅಂಗಳದ ತುಂಬ ಈ ವರ್ಷದ ಚಾಲಿ ಹರಡಿದೆ, ಇನ್ನೊಂದು ವಾರದ ಬಿಸಿಲು ಬೇಕಿತ್ತು. ಈಗಷ್ಟೇ ದೂರದಲ್ಲಿ ಒಮ್ಮೆ ಗುಡುಗಿತು. ಹಿಂದೆಯೇ ಹೆಂಡತಿಯ ಕೂಗು:

"ಹೋಯ್! ಹನಿ ಬಿತ್ತು! ಚಾಲಿ ತುಂಬವು, ಬನ್ನಿ ಬೇಗ! ಆ ಪ್ಲಗ್ಗು ಕಿತ್ತಿಕ್ಕಿ ಬನ್ನಿ!"

ಕಂಟ್ರೋಲ್ ಎಸ್ ಒತ್ತಿದೆ. ಗೋಣಿಚೀಲ ಎಲ್ಲಿಟ್ಟಿದ್ದೇನೋ ನೆನಪಾಗುತ್ತಿಲ್ಲ.