ಡಾಲ್‌ಹೌಸಿ ಮನೆತನದ ಪಿಯರ್ ಹಣ್ಣು ಮತ್ತು ನಮ್ಮಜ್ಜನ ದತ್ತಕ

ನಮ್ಮಜ್ಜ ದತ್ತಕ ಬಂದವರು. ನರಗುಂದದ ಕಡೆಯ ಹಳ್ಳಿಯಿಂದ ಧಾರವಾಡದ ಮನೆಗೆ ಬಂದಾಗ ಏಳು ವರ್ಷ. ಹೋಮ ಮುಗಿಯುವಷ್ಟರಲ್ಲಿ ಗೋತ್ರ ಬದಲು, ಹೆಸರು ಬದಲು. ಹೆತ್ತವ್ವ ಅಂದಿನಿಂದ 'ಮೌಶಿ', ಅಂದರೆ ಚಿಕ್ಕಮ್ಮ.

ಹಾಗಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದ ಮೊದಲ ವರ್ಷ ಬಾನಿರಿಗ್ ಹತ್ತಿರದ ಡಾಲ್‌ಹೌಸಿ ಕೋಟೆ ನೋಡಲು ಹೋದದ್ದು ಬರೀ ಪ್ರವಾಸಕ್ಕಲ್ಲ, ಸ್ವಲ್ಪ ಜಗಳ ತೆಗೆಯುವ ಉಮೇದಿನಲ್ಲೂ ಹೌದು. ಕೆಂಪು ಕಲ್ಲಿನ ಕೋಟೆ, ಪಕ್ಕದಲ್ಲಿ ಸೌತ್ ಎಸ್ಕ್ ಹೊಳೆ. ಈಗ ಅದೊಂದು ಹೋಟೆಲ್ಲು. 1812ರಲ್ಲಿ ಇಲ್ಲೇ ಹುಟ್ಟಿ, 1860ರಲ್ಲಿ ಇಲ್ಲೇ ಸತ್ತ ಜೇಮ್ಸ್ ರಾಮ್ಸೆಯನ್ನು, ಅಂದರೆ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯನ್ನು, ನಾವು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಓದಿದವರು: 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯನ್ನು ಜಾರಿಗೆ ತಂದವರು ಯಾರು?

ಉತ್ತರ ಬರೆದು ಮುಂದೆ ಹೋಗಿದ್ದೆವು. ಆತನ ಮನೆಯ ಕಥೆ ಯಾರೂ ಹೇಳಿರಲಿಲ್ಲ.

ತಾಯಿಯ ಹೆಸರು ಕ್ರಿಶ್ಚಿಯನ್ ಬ್ರೌನ್, ಕೋಲ್ಸ್ಟನ್ ಎಂಬ ಎಸ್ಟೇಟಿನ ವಾರಸುದಾರಳು. ಆ ಮನೆತನದಲ್ಲಿ ಒಂದು ಪಿಯರ್ ಹಣ್ಣಿದೆ (ನಮ್ಮ ಧಾರವಾಡದ ಪೇರಲ ಅಲ್ಲ ಮತ್ತೆ). ಯೆಸ್ಟರ್ ಎಂಬ ಊರಿನ ದೊರೆ ಗಿಫರ್ಡ್ ಮಾಟಗಾರನಂತೆ. ಮಗಳನ್ನು ಬ್ರೌನ್ ಮನೆಗೆ ಕೊಡುವಾಗ ಮಂತ್ರಿಸಿದ ಪಿಯರ್ ಹಣ್ಣೊಂದನ್ನು ಕೊಟ್ಟು, ಇದು ಇರುವ ತನಕ ಮನೆಗೆ ಕೇಡಿಲ್ಲ ಅಂದನಂತೆ. ಬೆಳ್ಳಿ ಪೆಟ್ಟಿಗೆಯಲ್ಲಿ ತಲೆಮಾರುಗಟ್ಟಲೆ ಕಾಪಾಡಿದರು. ಆಮೇಲೆ ಬಂದ ಸೊಸೆಯೊಬ್ಬಳು ಆಸೆ ತಡೆಯಲಾರದೆ ಕಚ್ಚಿಯೇಬಿಟ್ಟಳು! ನಮ್ಮ ಕಡೆ ದೇವರ ಮನೆಯ ಬೆಳ್ಳಿ ಡಬ್ಬಿಯಲ್ಲಿ ಎಂದೋ ಸಿಕ್ಕ ಬಲಮುರಿ ಶಂಖ ಇಟ್ಟುಕೊಂಡಿರುತ್ತಾರಲ್ಲ, ಥೇಟ್ ಹಾಗೆಯೇ.

ಡಾಲ್‌ಹೌಸಿ ಮೂರನೆಯ ಮಗ. ಅಣ್ಣಂದಿರು ತೀರಿಕೊಂಡದ್ದರಿಂದ ಮನೆತನದ ಅರ್ಲ್ ಎಂಬ ದೊರೆಪದವಿ ಇವನಿಗೆ ಬಂತು. ಮದುವೆಯಾದ ಸೂಸನ್ ಹೇ ಅದೇ ಯೆಸ್ಟರ್ ಮನೆಯವಳು. ಇಬ್ಬರು ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲ. 1853ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಮರಳುವಾಗ ಹೆಂಡತಿ ಹಡಗಿನಲ್ಲೇ ತೀರಿಕೊಂಡಳು. ಆತ ಕಲ್ಕತ್ತೆಯಲ್ಲಿ ಕಡತ ನೋಡುತ್ತಿದ್ದ. ಅದೇ ವರ್ಷದ ಕೊನೆಗೆ ಝಾನ್ಸಿಯ ರಾಜ ಸಾಯುವ ಮುಂಚೆ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡ. ಮರುವರ್ಷ ಝಾನ್ಸಿ ಕಂಪನಿಯ ಪಾಲಾಯಿತು. ಸಾತಾರಾ 1848ರಲ್ಲೇ ಹೋಗಿತ್ತು.

ಪಂಜಾಬ್ ನುಂಗಿದ್ದಕ್ಕೆ 1849ರಲ್ಲಿ ಆತನಿಗೆ ಅರ್ಲ್‌ಗಿಂತ ಮೇಲಿನ ಮಾರ್ಕ್ವೆಸ್ ಪದವಿ ಸಿಕ್ಕಿತ್ತು, ಗಂಡುಸಂತತಿಗೆ ಮಾತ್ರ ಇಳಿಯುವಂಥದ್ದು. 48ನೇ ವಯಸ್ಸಿಗೆ ಆತ ಸತ್ತ ದಿನವೇ ಆ ಪದವಿಯೂ ಸತ್ತಿತು. ಹಳೆಯ ಅರ್ಲ್ ಪದವಿ ದಾಯಾದಿ ಫಾಕ್ಸ್ ಮೌಲ್‌ಗೆ ಹೋಯಿತು. ಅವನಿಗೂ ಮಕ್ಕಳಿಲ್ಲ, ಇನ್ನೊಬ್ಬ ದಾಯಾದಿಗೆ ದಾಟಿತು. ಅಂದರೆ ತನ್ನ ನೀತಿ ತನಗೇ ಬಡಿಯಿತು. ಇಲ್ಲಿನ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ನನಗೆ ಪೂರ್ತಿ ನಗು ಬರುವುದಿಲ್ಲ.

ಯಾಕೆಂದರೆ ಸ್ಕಾಟ್ಲೆಂಡಿನಲ್ಲಿ ದತ್ತು ಕಾನೂನು ಬಂದದ್ದೇ 1930ರಲ್ಲಿ. ಇವತ್ತಿಗೂ ದತ್ತು ಮಗನಿಗೆ ಇಂಥ ಪದವಿ ಇಳಿಯುವುದಿಲ್ಲ. ಡಾಲ್‌ಹೌಸಿ ಕಂಡ ಲೋಕದಲ್ಲಿ ಮಗ ಅಂದರೆ ರಕ್ತ, ಅಷ್ಟೇ. ನಮ್ಮಲ್ಲಿ ಪಿಂಡ ಇಡುವವನು ಮಗ. ಆತನಿಗೆ ದುರಾಸೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಭರ್ತಿ ಇತ್ತು. ಆದರೆ ದುರಾಸೆಗೆ ಅವನ ಮನೆಯ ಪದ್ಧತಿಯೇ ನ್ಯಾಯದ ಅಂಗಿ ತೊಡಿಸಿತು. (ಕಿತ್ತೂರನ್ನು ಇವನ ತಲೆಗೆ ಕಟ್ಟುವವರಿದ್ದಾರೆ, ಅದು 1824ರ ಮಾತು, ಆಗ ಇವನಿಗೆ ಹನ್ನೆರಡು ವರ್ಷ.) ನರಗುಂದದ ಬಾಬಾಸಾಹೇಬ ಭಾವೆಗೆ ದತ್ತಕಕ್ಕೆ ಅಪ್ಪಣೆ ಸಿಗಲಿಲ್ಲ, 1858ರಲ್ಲಿ ದಂಗೆಯೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಮೈಸೂರು ಮಾತ್ರ ಕೈಗೆ ಸಿಗಲಿಲ್ಲ. ಮುಮ್ಮಡಿ ಕೃಷ್ಣರಾಜರಿಗೆ ಮಗನಿಲ್ಲ, ಅವರ ಕಾಲಾನಂತರ ರಾಜ್ಯ ನಮ್ಮದು ಎಂಬ ಲೆಕ್ಕ 1856ರಲ್ಲಿ ಹೊರಡುವಾಗಲೂ ಆತನಿಗಿತ್ತು. ಆಗ ಮಹಾರಾಜರಿಗೆ 61. ಅವರು ಡಾಲ್‌ಹೌಸಿಗಿಂತ ಏಳು ವರ್ಷ ಹೆಚ್ಚು ಬದುಕಿ, 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡೇ ಹೋದರು.

ಇಷ್ಟು ಹೇಳಿ ಎದೆಯುಬ್ಬಿಸಬಹುದಿತ್ತು. ಆದರೆ ಕೋಲ್ಸ್ಟನ್ ಎಸ್ಟೇಟ್ ಏನಾಯಿತು? ಅದು ದಾಯಾದಿಗೆ ಹೋಗಲಿಲ್ಲ. ತಾಯಿಯಿಂದ ಬಂದದ್ದು, ದೊಡ್ಡ ಮಗಳು ಸೂಸನ್‌ಗೆ ಹೋಯಿತು. ಪಿಯರ್ ಹಣ್ಣಿದ್ದ ಮನೆಗೆ ಅವಳೇ ಒಡತಿ.

ನಮ್ಮಜ್ಜನನ್ನು ದತ್ತಕ ತಂದಾಗ ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಹಿರಿಯಳಿಗೆ ಹನ್ನೊಂದು ವರ್ಷ. ಅವತ್ತಿನ ಪಂಕ್ತಿಯಲ್ಲಿ ಬುಂದಿ ಲಾಡು ಬಡಿಸಿದವಳು ಅವಳೇ. ಅಪ್ಪನ ಸೋದರತ್ತೆ, ನಾವೂ ಅತ್ಯಾ ಅಂತಲೇ ಕರೆಯುತ್ತಿದ್ದೆವು. ಮುಪ್ಪಿನಲ್ಲೂ ದೀಪಾವಳಿಗೆ ಬರುತ್ತಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಚಹಾ ಕುಡಿದು, "ಇನ್ನ ಬರ್ತೀನಪಾ" ಅಂತ ಏಳುತ್ತಿದ್ದರು. ಒಳಗೆ ಬನ್ನಿ ಅಂತ ಅಜ್ಜಿ ಎಷ್ಟು ಕರೆದರೂ ನಡುಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ.