ಹಳೆಯ ಪುಸ್ತಕ ಮಾರುವವರು ನಿಜಕ್ಕೂ ಏನನ್ನು ಮಾರುತ್ತಾರೆ?

ಕೊಳ್ಳುವ ಶಕ್ತಿ ಇಲ್ಲದಿದ್ದರೂ ಲಂಡನ್ನಿನ ಅಪರೂಪದ ಪುಸ್ತಕ ವ್ಯಾಪಾರಿಗಳ ಕ್ಯಾಟಲಾಗ್‌ಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. 1847ರಲ್ಲಿ ಆರಂಭವಾದ ಬರ್ನಾರ್ಡ್ ಕ್ವಾರಿಚ್, 1853ರಲ್ಲಿ ಆರಂಭವಾದ ಮ್ಯಾಗ್ಸ್ ಬ್ರದರ್ಸ್‌ನಂಥ ಮಳಿಗೆಗಳು ಹೊರತರುವ ಈ ಕ್ಯಾಟಲಾಗ್‌ಗಳನ್ನು ಬರಿಯ ಬೆಲೆಪಟ್ಟಿ ಎಂದು ತಿಳಿಯುವುದು ಸರಿಯಲ್ಲ. ಸಂಗ್ರಾಹಕರು ಅಲ್ಲಿ ತೆರುವ ಹಣದಲ್ಲಿ ಒಂದು ಪಾಲು ಪುಸ್ತಕಕ್ಕಾದರೆ, ಇನ್ನೊಂದು ಪಾಲು ಆ ಒಂದು ಪ್ರತಿಯ ಬಗ್ಗೆ ವ್ಯಾಪಾರಿ ತನ್ನ ಹೆಸರನ್ನು ಪಣಕ್ಕಿಟ್ಟು ಬರೆದುಕೊಟ್ಟ ಮಾತಿಗೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸೀಮೆಯದೇ ಒಂದು ಪುಸ್ತಕವನ್ನು ನೋಡೋಣ. ಟಿಪ್ಪುವಿನ ಪತನದ ನಂತರ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್‌ನ ಪ್ರವಾಸ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಒಂದು ಪ್ರತಿ ಮಾರಾಟಕ್ಕೆ ಬಂದಾಗ ಒಳ್ಳೆಯ ವ್ಯಾಪಾರಿ ಹಾಳೆಹಾಳೆ ಎಣಿಸುತ್ತಾನೆ: ಮೂರು ಸಂಪುಟಗಳೂ ಒಂದೇ ಸೆಟ್ಟಿನವೇ, ಮಡಿಸಿಟ್ಟ ಭೂಪಟ ಉಳಿದಿದೆಯೇ, ಮಡಿಕೆಯಲ್ಲಿ ಹರಿದು ಅಂಟಿಸಿದ್ದಾರೆಯೇ, ಚಿತ್ರಪುಟಗಳು ಪೂರ್ತಿ ಇವೆಯೇ, ಚರ್ಮದ ರಟ್ಟು ಆ ಕಾಲದ್ದೋ ನಂತರ ಕಟ್ಟಿಸಿದ್ದೋ, ಕಾಗದದಲ್ಲಿ ಕಂದು ಚುಕ್ಕೆಗಳೆಷ್ಟು, ಯಾವ ಗ್ರಂಥಾಲಯದ ಮುದ್ರೆ ಬಿದ್ದಿದೆ. ಹಿಂದಿನ ಒಡೆಯರು ಯಾರೆಂಬುದು ಒಳರಟ್ಟಿನ ಚೀಟಿಯಿಂದಲೋ ಸಹಿಯಿಂದಲೋ ತಿಳಿದುಬಂದರೆ ಅದನ್ನೂ ದಾಖಲಿಸುತ್ತಾನೆ.

ಚಿತ್ರಗಳ ಲೆಕ್ಕ ಇಷ್ಟು ಮುಖ್ಯವಾಗಲು ಒಂದು ಕಾರಣವಿದೆ. ಮೈಸೂರಿನ ಕೋಟೆ ಬೆಟ್ಟಗಳನ್ನು ಚಿತ್ರಿಸಿದ ರಾಬರ್ಟ್ ಹೋಮ್‌ನ 1794ರ ಪುಸ್ತಕದಂಥವುಗಳಿಂದ ಹಾಳೆಗಳನ್ನು ಕತ್ತರಿಸಿ, ಒಂದೊಂದನ್ನೇ ಬಿಡಿಯಾಗಿ ಮಾರಿ ಹೆಚ್ಚು ಹಣ ಗಳಿಸುವವರು ಈ ವ್ಯಾಪಾರದಲ್ಲಿ ಹಿಂದಿನಿಂದಲೂ ಇದ್ದಾರೆ. ಚೌಕಟ್ಟು ಹಾಕಿಸಿದ ಅಂಥ ಚಿತ್ರ ಯಾರ ಮನೆಯ ಗೋಡೆಯ ಮೇಲೆ ಕಂಡರೂ, ಇದಕ್ಕಾಗಿ ಯಾವ ಪುಸ್ತಕ ಹಾಳಾಯಿತೋ ಎಂಬ ಯೋಚನೆಯೇ ನನಗೆ ಮೊದಲು ಬರುತ್ತದೆ.

ಎಲ್ಲ ವಿವರಗಳೂ ನನಗೆ ಒಪ್ಪಿಗೆಯೆಂದಲ್ಲ. ಆಧುನಿಕ ಕಾದಂಬರಿಗಳ ಮೇಲುಹೊದಿಕೆಯ ವಿಷಯದಲ್ಲಿ ಸಂಗ್ರಾಹಕರ ವ್ಯಾಮೋಹ ಅತಿಯಾಯಿತು. ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ 1925ರ ಮೊದಲ ಮುದ್ರಣಕ್ಕೆ ಆ ಕಾಗದದ ಹೊದಿಕೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅದರ ಸಣ್ಣದೊಂದು ಅಂಶ ಮಾತ್ರ. ಹಾಗಿರುವಾಗ ಹೊದಿಕೆಯನ್ನು ಬೇರೊಂದು ಪ್ರತಿಯಿಂದ ತಂದು ತೊಡಿಸಿದ್ದರೆ ಅದನ್ನು ಹೇಳಲೇಬೇಕಲ್ಲವೇ?

ಮಾತು ಸುಳ್ಳಾದಾಗ ಏನಾಗುತ್ತದೆಂಬುದಕ್ಕೆ ಥಾಮಸ್ ಜೇಮ್ಸ್ ವೈಸ್‌ನ ಪ್ರಕರಣವಿದೆ. ಈತ ಇಂಗ್ಲೆಂಡಿನ ಗಣ್ಯ ಸಂಗ್ರಾಹಕ. ಗ್ರಂಥಸೂಚಿಗಳನ್ನು ತಾನೇ ರಚಿಸುತ್ತಿದ್ದವನು. ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ಸಾನೆಟ್‌ಗಳು 1847ರಲ್ಲಿ ಖಾಸಗಿಯಾಗಿ ಅಚ್ಚಾಗಿದ್ದವೆಂದು ತೋರಿಸುವ ಪುಸ್ತಿಕೆಯಂಥ ಹಲವು ‘ಮೊದಲ ಮುದ್ರಣ’ಗಳು ಅವನ ಮೂಲಕ ಮಾರುಕಟ್ಟೆಗೆ ಬಂದವು, ಅವನೇ ಬರೆದ ಸೂಚಿಗಳು ಅವಕ್ಕೆ ಸಾಕ್ಷಿಯಾದವು. ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಆ ಪುಸ್ತಿಕೆಯ ಕಾಗದವನ್ನು ಪರೀಕ್ಷೆಗೆ ಒಳಪಡಿಸಿದಾಗ, 1847ಕ್ಕಿಂತ ದಶಕಗಳ ನಂತರ ಬಳಕೆಗೆ ಬಂದ ಮರದ ತಿರುಳು ಅದರಲ್ಲಿ ಪತ್ತೆಯಾಯಿತು; ಅದು ನಕಲಿಯೆಂದು ಅವರು 1934ರಲ್ಲಿ ಪ್ರಕಟಿಸಿದರು. ಆ ಇಬ್ಬರೂ ಹಳೆಯ ಪುಸ್ತಕಗಳ ವ್ಯಾಪಾರದಲ್ಲಿದ್ದವರೇ ಎಂಬುದು ಗಮನಾರ್ಹ. ತಮ್ಮ ಕಸುಬಿನ ಮೋಸವನ್ನು ತಾವೇ ಬಯಲಿಗೆಳೆಯುವಷ್ಟು ಸೂಕ್ಷ್ಮ ಅವರಿಗೆ ಬಂದದ್ದು ಹಾಳೆ, ಅಚ್ಚುಮೊಳೆ, ಹೊಲಿಗೆಗಳನ್ನು ದಿನವೂ ನೋಡಿ ಬರೆಯುವ ಅಭ್ಯಾಸದಿಂದಲೇ ಎಂದು ನಾನು ನಂಬುತ್ತೇನೆ.

ಕನ್ನಡದ ಹಳೆಯ ಪುಸ್ತಕಗಳು ಈಗ ಅಂತರಜಾಲದಲ್ಲಿಯೂ ಮಾರಾಟವಾಗುತ್ತಿವೆ. ಆದರೆ ಬಹಳಷ್ಟು ಸಲ ನನಗೆ ಕಾಣುವುದು ರಟ್ಟಿನ ಒಂದು ಫೋಟೋ ಮತ್ತು ‘ಅತ್ಯಪರೂಪ’ ಎಂಬ ಪದ ಮಾತ್ರ. ಕಿಟೆಲ್ ನಿಘಂಟು ಎಂದರೆ ಸಾಲದು. ಅದು 1894ರ ಮಂಗಳೂರು ಮುದ್ರಣವೋ ನಂತರದ ಮರುಮುದ್ರಣವೋ, ಶೀರ್ಷಿಕೆ ಪುಟ ಇದೆಯೋ ಇಲ್ಲವೋ, ಗೆದ್ದಲು ಎಲ್ಲಿಯವರೆಗೆ ತಿಂದಿದೆ ಎಂದು ನಾಲ್ಕು ಸಾಲು ಬರೆಯಲಿ. ಶೀರ್ಷಿಕೆ ಪುಟವಿಲ್ಲವೆಂದು ಮೊದಲೇ ತಿಳಿಸಿದ ಮಾರಾಟಗಾರರ ಬಳಿಯೇ ನಾನಂತೂ ಮತ್ತೊಂದು ಪುಸ್ತಕ ಕೇಳಿಕೊಂಡು ಹೋಗುತ್ತೇನೆ.